ಮರ ಹತ್ತುವ ಮೊದಲು

ಹಿಂದಿನ ಸಂಜೆಯಿಂದಲೇ ಮೈಗೆ ಬಿಗಿಯಾದದ್ದೇನನ್ನೂ ಹಾಕಿಕೊಳ್ಳಬಾರದು ಎಂದು ಫೋಟೋ ತೆಗೆಯುವ ಹುಡುಗಿ ಫಾತಿಮಾ ಫೋನಿನಲ್ಲಿ ಹೇಳಿದ್ದಳು. ಎಲಾಸ್ಟಿಕ್ಕಿನ ಗುರುತು, ಲಾಡಿಯ ಗುರುತು, ವಾಚಿನ ಪಟ್ಟಿಯ ಗುರುತು ಎಲ್ಲ ಫೋಟೋದಲ್ಲಿ ಎದ್ದು ಕಾಣುತ್ತವಂತೆ. ಅವನ್ನು ಮರೆಯುವುದಕ್ಕೆ ಮೈಗೆ ಒಂದು ರಾತ್ರಿಯಾದರೂ ಬೇಕಂತೆ. ವೇದವತಿ ಮಾತು ಮೀರದೆ, ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ದೊಗಳೆ ನೈಟಿಯಲ್ಲಿ ರಾತ್ರಿ ಕಳೆದಳು. ಬೆಳಗ್ಗೆ ಬಚ್ಚಲಲ್ಲಿ ನೋಡಿಕೊಂಡರೆ ಮಣಿಕಟ್ಟಿನ ಗುರುತು ಹೋಗಿತ್ತು, ಭುಜದ್ದೂ ಹೋಗಿತ್ತು. ಸೊಂಟದ್ದು ಮಾತ್ರ ಕದಲಿರಲಿಲ್ಲ. ಮದುವೆಯಾದಾಗಿನಿಂದ ದಿನವೂ ಸೀರೆಯೊಳಗೆ ಲಂಗದ ಲಾಡಿ ಬಿಗಿದ ಜಾಗ ಅದು, ಸುತ್ತಲೂ ಕಪ್ಪಾಗಿ ದಡ್ಡುಗಟ್ಟಿದೆ. ಕಡಲೆಹಿಟ್ಟು ಹಾಕಿ ಉಜ್ಜಿದಳು, ನಿಂಬೆಹಣ್ಣಿನ ಹೋಳು ಹಾಕಿ ಉಜ್ಜಿದಳು. ಉರಿಯಿತೇ ಹೊರತು ಬಣ್ಣ ಬಿಡಲಿಲ್ಲ. ನಲವತ್ತಾರು ವರ್ಷದ ಹೆಂಗಸು, ಬ್ಯಾಂಕಿನಲ್ಲಿ ಅಧಿಕಾರಿ, ಗಂಡನಿಗೆ ಮೀಟಿಂಗ್ ಎಂದು ಸುಳ್ಳು ಹೇಳಿ ಮೈ ತೋರಿಸಿ ಫೋಟೋ ತೆಗೆಸಿಕೊಳ್ಳುವುದಕ್ಕೆ ತಿರುವನಂತಪುರಕ್ಕೆ ಹೊರಟಿದ್ದಾಳೆ, ಈಗ ಸೊಂಟ ಉಜ್ಜುತ್ತ ನಿಂತಿದ್ದಾಳೆ ಎಂದು ತನ್ನನ್ನೇ ಬೇರೆ ಯಾರನ್ನೋ ನೋಡುವ ಹಾಗೆ ನೋಡಿಕೊಂಡು ಅವಳಿಗೆ ನಗು ಬಂತು. ನಗು ಮುಗಿಯುವುದರೊಳಗೆ ಹೊರಗೆ ಗಂಡ ರಾಮದಾಸ ಎದ್ದು ಚಪ್ಪಲಿ ಮೆಟ್ಟಿದ ಸದ್ದಾಯಿತು. ಅವಳು ನಲ್ಲಿ ತಿರುಗಿಸಿ ನೀರು ಜೋರಾಗಿ ಬಿಟ್ಟಳು.

ರಾಮದಾಸ ಕಸ್ಟಮ್ಸಿನವನು. ಈಗ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಸೂಪರಿಂಟೆಂಡೆಂಟು. ಅದಕ್ಕೆ ಮೊದಲು ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಎಷ್ಟೋ ವರ್ಷ ಕೊಲ್ಲಿಯಿಂದ ಬಂದವರ ಪೆಟ್ಟಿಗೆ ಬಿಚ್ಚಿಸಿದವನು. ಮೈಗೆ ಚಿನ್ನ ಕಟ್ಟಿಕೊಂಡವರ ಹೆಜ್ಜೆ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತು. ಸೊಂಟಕ್ಕೆ ಕಟ್ಟಿಕೊಂಡವರು ಬಗ್ಗುವುದಿಲ್ಲ, ಕಾಲಿಗೆ ಕಟ್ಟಿಕೊಂಡವರು ಮೆಟ್ಟಿಲಿಳಿಯುವಾಗ ನೆಲ ನೋಡುತ್ತಾರೆ, ಏನೂ ಕಟ್ಟಿಕೊಳ್ಳದವರು ಮಾತ್ರ ಹೆದರಿ ಬೆವರುತ್ತಾರೆ ಎಂದು ಊಟ ಮಾಡುತ್ತ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಕಣ್ಣು, ಬಡಿಸುತ್ತಿದ್ದ ಇವಳ ಕೈಯ ಮೇಲೆ, ಅಲ್ಲಿಂದ ಮುಖದ ಮೇಲೆ ಹೋಗುತ್ತಿತ್ತು. ಕೆಟ್ಟ ಮನುಷ್ಯನಲ್ಲ. ಹೊಡೆದವನಲ್ಲ, ಬೈದವನೂ ಅಲ್ಲ. ಆದರೆ ಆ ಕಣ್ಣು ಮನೆಗೆ ಬಂದ ಮೇಲೂ ಡ್ಯೂಟಿ ಮುಗಿಸುತ್ತಿರಲಿಲ್ಲ. ಹೊಸ ಸೀರೆ ಉಟ್ಟರೆ ಬೆಲೆ ಊಹಿಸುತ್ತಿತ್ತು, ತಲೆನೋವು ಎಂದು ಮಲಗಿದರೆ ಕಾರಣ ಊಹಿಸುತ್ತಿತ್ತು. ಇಂದು ಅವಳು ಸೀರೆ ಬಿಟ್ಟು ಸಡಿಲವಾದ ಚೂಡಿದಾರ ತೊಟ್ಟು ಹೊರಬಂದಾಗ ಅವನು ಚಹಾದ ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ.

"ಮೀಟಿಂಗಿಗೆ ಚೂಡಿದಾರವಾ?" ಎಂದ.

"ರೈಲಿನಲ್ಲಿ ಸೆಕೆ ಅಲ್ವಾ? ಸೀರೆ ಉಟ್ಟರೆ ಕಿರಿಕಿರಿ."

"ಶನಿವಾರ ಎಂತ ಮೀಟಿಂಗು ನಿಮ್ಮದು?"

"ಝೋನಲ್ ಆಫೀಸಿನವರಿಗೆ ಶನಿವಾರ ಎಂತ, ಆದಿತ್ಯವಾರ ಎಂತ. ಕರೆದರೆ ಹೋಗ್ಲಿಕ್ಕೆ ಉಂಟು" ಎಂದು ಅವಳು ಚೀಲ ಎತ್ತಿಕೊಂಡಳು. ಅದು ಕ್ಯಾನ್ವಾಸಿನ ನೀಲಿ ಚೀಲ. ಅವನ ಕಣ್ಣು ಚೀಲದ ಮೇಲೆ ಬಿತ್ತು, ಎದ್ದಿತು. ವಾಚಿಲ್ಲದ ಕೈಯ ಮೇಲೆ ಬಿತ್ತು, ಎದ್ದಿತು. "ಆಟೋದವ ಬಂದ, ಹೋಗು. ಹುಷಾರು" ಎಂದ. ಹುಷಾರು ಎಂದದ್ದು ಏಕೆ ಎಂದು ಅವಳು ಎರ್ನಾಕುಳಂ ಸ್ಟೇಷನ್ ತಲುಪುವವರೆಗೂ ಯೋಚಿಸಿದಳು.

ಕಿಟಕಿಯ ಬದಿಯ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು, ಮೇಲಿನ ಹಲಗೆಯ ಮೇಲಿಡಲು ಮನಸ್ಸು ಬರಲಿಲ್ಲ. ಅದರೊಳಗೆ ಒಂದು ಬಿಳಿ ಮುಂಡು ಪಂಚೆ, ಒಂದು ತೆಳುವಾದ ಮಸ್ಲಿನ್ ಸೀರೆ, ಮತ್ತು ಹೋದ ತಿಂಗಳು ನಿಜವಾದ ಮೀಟಿಂಗಿಗೆ ಹೋದಾಗ ತಿರುವನಂತಪುರದ ಚಾಲೈ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡ ಜೇನಿನ ಬಣ್ಣದ ಸ್ಯಾಟಿನ್ ಗೌನು. ಕೊಚ್ಚಿಯಲ್ಲಿ ಕೊಳ್ಳುವ ಧೈರ್ಯವಾಗಿರಲಿಲ್ಲ. ಅಲ್ಲಿ ಒಂದಲ್ಲ ಒಂದು ಕೌಂಟರಿನ ಹಿಂದೆ ಬ್ಯಾಂಕಿನ ಗಿರಾಕಿ ನಿಂತಿರುತ್ತಾನೆ. ಚಾಲೈಯಲ್ಲೂ ಅಂಗಡಿಯವನು "ಮಗಳಿಗಾ?" ಎಂದು ಕೇಳಿದ್ದ. ಇವಳು ಹೌದೆಂದು ತಲೆಯಾಡಿಸಿದ್ದಳು. ಹಾಗಾದರೆ ಇದಕ್ಕಿಂತ ಚಿಕ್ಕದು ತೆಗೆಯುತ್ತೇನೆ ಎಂದು ಅವನು ಹೊರಟಾಗ, ಮಗಳು ಸ್ವಲ್ಪ ದಪ್ಪ ಎಂದಳು. ಅಷ್ಟು ದೂರದಲ್ಲಿ ಹಾಸ್ಟೆಲಿನ ಊಟ ಉಂಡು ಒಣಗುತ್ತಿರುವ ಮಗಳನ್ನು ದಪ್ಪ ಮಾಡಿಬಿಟ್ಟೆನಲ್ಲ ಎಂದು ರಾತ್ರಿ ಅವಳಿಗೆ ನಿಜವಾಗಿ ಬೇಜಾರಾಗಿತ್ತು. ಆ ಗೌನನ್ನು ಅವಳು ಉದ್ದಕ್ಕೆ ಸುರುಳಿ ಸುತ್ತಿ ಇಟ್ಟಿದ್ದಳು. ಸುರುಳಿಯನ್ನೇ ಸುತ್ತಿದ್ದೆನೇ, ಮಡಿಸಿದ್ದೆನೇ? ಈಗ ಚೀಲವನ್ನು ಹೊರಗಿನಿಂದ ಒತ್ತಿ ನೋಡಿದರೆ ಸುರುಳಿ ಕೈಗೆ ಸಿಗುತ್ತಿಲ್ಲ. ಎದುರಿಗೆ ಕೂತ ಮುದುಕಿ ನೋಡುತ್ತಿದ್ದುದರಿಂದ ಬಿಚ್ಚುವ ಹಾಗೂ ಇರಲಿಲ್ಲ. ರಾಮದಾಸ ತೆರೆದಿದ್ದರೆ ಗೊತ್ತಾಗುವುದಿಲ್ಲ. ತೆರೆದ ಪೆಟ್ಟಿಗೆಯನ್ನು ತೆರೆಯದ ಹಾಗೆ ಮುಚ್ಚುವುದೇ ಅವನ ಕಸುಬು.

ಎಲ್ಲ ಶುರುವಾದದ್ದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ. ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಅತ್ತಿತ್ತ ಓಡಾಡುತ್ತಿದ್ದಳು. ಹದಿನೈದು ದಿನದ ಮೇಲೆ ಒಂದು ಲಕೋಟೆ ಬ್ಯಾಂಕಿಗೆ ಬಂತು. ಒಳಗೆ ಒಂದೇ ಫೋಟೋ. ಬಡಿಸಿ ಸುಸ್ತಾದ ವೇದವತಿ ಕಂಬಕ್ಕೊರಗಿ ಸೆರಗಿನಿಂದ ಕುತ್ತಿಗೆ ಒರಸಿಕೊಳ್ಳುತ್ತಿದ್ದಾಳೆ, ಕಣ್ಣು ಮುಚ್ಚಿದೆ. ತನ್ನ ಕುತ್ತಿಗೆ ಅಷ್ಟು ಉದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ಫೋಟೋದಲ್ಲಿ ಅವಳನ್ನು ಯಾರೋ ನೋಡಿದ್ದರು, ಆದರೆ ಅವಳಲ್ಲಿ ಏನನ್ನೂ ಹುಡುಕಿರಲಿಲ್ಲ. ಡ್ರಾಯರಿನಲ್ಲಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಆಗಾಗ ತೆಗೆದು ನೋಡುತ್ತಿದ್ದಳು. ಒಂದು ದಿನ ತಾನೇ ಫೋನು ಮಾಡಿ, "ಇಂಥದ್ದೇ ಇನ್ನೂ ಸ್ವಲ್ಪ ತೆಗೀಲಿಕ್ಕೆ ಆಗ್ತದಾ?" ಎಂದು ಕೇಳಿದಳು. ಫಾತಿಮಾ ಕುಣಿದುಬಿಟ್ಟಳು. ಬೂಡ್ವಾರ್ ಅಂತ ಇದೆ ಆಂಟಿ, ಮಲಗೋ ಮನೆ ಫೋಟೋಗಳು, ಹೆಂಗಸರು ತಮಗೋಸ್ಕರ ತೆಗೆಸ್ಕೊಳ್ಳೋದು, ಆದ್ರೆ ನಾನು ಅದನ್ನ ಹೊರಗಡೆ ಮಾಡ್ತೀನಿ, ಮರದ ಕೆಳಗೆ, ನೆರಳಲ್ಲಿ. ಮಲಗುವ ಮನೆಯ ಫೋಟೋವನ್ನು ಹೊರಗೆ ತೆಗೆಯುವುದು ಎಂದರೇನು ಎಂದು ವೇದವತಿಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಆಗಲಿ ಎಂದಳು.

ಈಗ ತಿರುವನಂತಪುರದ ಸ್ಟೇಷನ್ನಿನ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ ಆ ಹುಡುಗಿಯನ್ನು ಕಂಡಾಗ ಅವಳ ಮೇಲೂ ಅನುಮಾನ ಬಂತು. ಇವಳು ಏಕೆ ಕಾಸಿಲ್ಲದೆ ಈ ಕೆಲಸ ಮಾಡುತ್ತಾಳೆ? ಹಿಂದೆ ಎಷ್ಟು ಜನರದ್ದು ತೆಗೆದಿದ್ದಾಳೆ? ಆ ಫೋಟೋಗಳು ಈಗ ಎಲ್ಲಿವೆ? ಮೊಬೈಲಿನಿಂದ ಮೊಬೈಲಿಗೆ ಏನೇನೋ ಹರಿದಾಡುತ್ತದೆಂದು ಬ್ಯಾಂಕಿನ ಗಂಡಸರು ಕ್ಯಾಂಟೀನಿನಲ್ಲಿ ಪಿಸುಗುಟ್ಟಿ ನಗುವುದನ್ನು ಅವಳು ಕೇಳಿದ್ದಳು. ಸ್ಕೂಟರಿನ ಹಿಂದೆ ಕೂತು, ಗಾಳಿಗೆ ಹಾರುವ ದುಪಟ್ಟ ಹಿಡಿದುಕೊಂಡು, ಕೇಳಲೋ ಬೇಡವೋ ಎಂದು ಬಾಯಿ ತೆರೆದು ಮುಚ್ಚಿದಳು. ಕೊನೆಗೆ ಕೇಳಿದ್ದು ಬೇರೆಯೇ.

"ನಿನ್ನ ಮನೆಯಲ್ಲಿ ಗೊತ್ತುಂಟಾ, ನೀನು ಇಂಥದ್ದೆಲ್ಲ ತೆಗೀತಿ ಅಂತ?"

"ಅಮ್ಮಂಗೆ ಗೊತ್ತು ಆಂಟಿ. ಅಬ್ಬಾಗೆ ಮದುವೆ ಫೋಟೋ ಅಂತ ಹೇಳಿದೀನಿ" ಎಂದು ಹುಡುಗಿ ನಕ್ಕಳು. ಆಮೇಲೆ, ಮನಸ್ಸಿನಲ್ಲಿದ್ದುದನ್ನು ಓದಿದವಳಂತೆ, "ಮುಗಿದ ತಕ್ಷಣ ಕ್ಯಾಮೆರಾದಿಂದ ಕಾರ್ಡ್ ತೆಗೆದು ನಿಮ್ಮ ಕೈಗೇ ಕೊಡ್ತೀನಿ. ನನ್ನ ಹತ್ರ ಏನೂ ಉಳಿಯಲ್ಲ. ಆಯ್ತಾ?" ಎಂದಳು. ಆಯಿತು ಎಂದು ವೇದವತಿ ಹೇಳಿದಳು. ಕೇಳುವ ಮೊದಲೇ ಉತ್ತರ ಕೊಡುವವರ ಪೆಟ್ಟಿಗೆಯನ್ನೇ ಮೊದಲು ಬಿಚ್ಚಿಸಬೇಕು ಎಂದು ರಾಮದಾಸ ಹೇಳುತ್ತಿದ್ದುದು ನೆನಪಾಗಿ ದುಪಟ್ಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ವೇಳಿ ಕಾಯಲಿನ ಹಿನ್ನೀರ ಬದಿಗೆ ಫಾತಿಮಾಳ ಸಹೋದ್ಯೋಗಿಯೊಬ್ಬಳ ಮನೆ. ಆಕೆಯ ತಂದೆತಾಯಿ ಕೊಲ್ಲಿಯಲ್ಲಿ, ಮನೆಗೆ ಬೀಗ. ಹಿಂದೆ ಎತ್ತರದ ಗೋಡೆಯ ಹಿತ್ತಲು, ಹಲಸು, ಹತ್ತಾರು ತೆಂಗು, ತುಂಬೆಗಿಡ, ಆಚೆ ನೀರು. ಫಾತಿಮಾ ಒಳಗಿನಿಂದ ಒಂದು ಹಗ್ಗದ ಮಂಚ ಎಳೆತಂದು ಹಲಸಿನ ಕೆಳಗೆ ಹಾಕಿದಳು, ಬಿಳಿ ಹಾಸಿಗೆ ಬಟ್ಟೆ ಹೊದೆಸಿದಳು, ಬೆಳಕು ಮುಖಕ್ಕೆ ಹಾಯಲೆಂದು ಥರ್ಮೋಕೋಲ್ ಹಲಗೆಯೊಂದನ್ನು ಇಟ್ಟಿಗೆಗೆ ಒರಗಿಸಿದಳು. ವೇದವತಿ ಮಾತ್ರ ಗೋಡೆಯುದ್ದಕ್ಕೂ ನಡೆದಳು. ಗೇಟಿನ ಚಿಲಕ ಎಳೆದು ನೋಡಿದಳು, ಗೋಡೆಯ ಬಿರುಕಿಗೆ ಕಣ್ಣಿಟ್ಟು ಆಚೆ ನೋಡಿದಳು, ನೀರಿನ ಕಡೆ ಇಳಿದು ದೋಣಿಯೇನಾದರೂ ಇದೆಯೇ ಎಂದು ಕೈ ಅಡ್ಡ ಹಿಡಿದು ನೋಡಿದಳು. ದೂರದಲ್ಲಿ ಒಂದು ದೋಣಿ ಇತ್ತು, ಅದರಲ್ಲಿ ಒಬ್ಬ ಗಂಡಸು ಕೂತಿದ್ದ. ಕೂತ ಭಂಗಿ ರಾಮದಾಸನದೇ ಅನ್ನಿಸಿತು. ಅವನು ಬಲೆ ಬೀಸಿದಾಗ ಅಲ್ಲವೆಂದು ತಿಳಿಯಿತು. ಆದರೂ ಗೇಟಿನ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿ ಬಂದಳು.

"ಆಂಟಿ, ನೀವೇನು ರೇಡಿಗೆ ಬಂದಿದೀರಾ?" ಎಂದಳು ಫಾತಿಮಾ. ವೇದವತಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹುಡುಗಿ ತಮಾಷೆಗೆ ಹೇಳಿದ್ದಳು.

ಬಟ್ಟೆ ಬದಲಾಯಿಸಲು ಹಲಸಿನ ಕೊಂಬೆಯಿಂದ ಒಂದು ದುಪ್ಪಟಿ ಇಳಿಬಿಟ್ಟಿದ್ದಳು. ಅದರ ಮರೆಯಲ್ಲಿ ವೇದವತಿ ಚೂಡಿದಾರ ಕಳಚಿದಳು. ಗಾಳಿ ಬಂದು ಬೆನ್ನಿಗೆ ತಗಲಿತು. ಬೆನ್ನಿಗೆ ಹೊರಗಿನ ಗಾಳಿ ತಗಲದೆ ಎಷ್ಟು ಕಾಲವಾಗಿತ್ತೋ. ಚಿಕ್ಕಂದಿನಲ್ಲಿ ಕಾಸರಗೋಡಿನ ಬದಿಯ ಅಜ್ಜಿಮನೆಯಲ್ಲಿ, ಮೇಲೆ ಸೂರಿಲ್ಲದ ತೆಂಗಿನೋಲೆಯ ಬಚ್ಚಲಿನಲ್ಲಿ ಮೀಯುವಾಗ ತಗಲುತ್ತಿತ್ತು. ಅವಳಿಗೆ ಇದ್ದಕ್ಕಿದ್ದಂತೆ ಸಂತೋಷವಾಯಿತು. ಮುಂಡನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು ಗೌನು ತೆಗೆಯಲು ಚೀಲವನ್ನು ಮಗುಚಿದಳು. ಗೌನು ಬಿತ್ತು. ಸುರುಳಿಯಲ್ಲಿರಲಿಲ್ಲ, ಚೌಕವಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿತ್ತು. ಮಗುಚಿದ ಚೀಲದ ತಳದಲ್ಲಿ, ನೀಲಿ ಕ್ಯಾನ್ವಾಸಿನ ಮೇಲೆ, ಸೀಮೆಸುಣ್ಣದಲ್ಲಿ ಎಳೆದ ಒಂದು ಅಡ್ಡಕತ್ತರಿ ಗುರುತಿತ್ತು.

ಆ ಗುರುತು ಅವಳಿಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಅವನು ಹೆಮ್ಮೆಯಿಂದ ವಿಮಾನ ನಿಲ್ದಾಣದ ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದ. ಪೆಟ್ಟಿಗೆಗಳು ಬರುವ ಬೆಲ್ಟಿನ ಹಿಂದೆ ಒಬ್ಬ ಸೀಮೆಸುಣ್ಣ ಹಿಡಿದು ನಿಂತಿರುತ್ತಾನೆ, ಅನುಮಾನ ಬಂದದ್ದಕ್ಕೆ ಕತ್ತರಿ ಗೀಚುತ್ತಾನೆ. ಗೀಚಿದ್ದು ಹೊರಗೆ ಬಂದರೆ ನಾವು ಬಿಚ್ಚಿಸುತ್ತೇವೆ. ಹೇಳುತ್ತಿದ್ದಾಗಲೇ ಒಬ್ಬ ಹೆಂಗಸು, ಯಾವುದೋ ಅರಬರ ಮನೆಯಲ್ಲಿ ದುಡಿದು ಬಂದವಳು, ಗುರುತು ಕಂಡು, ಸೆರಗಿನ ತುದಿಗೆ ಉಗುಳು ಹಚ್ಚಿ ಉಜ್ಜಲು ನೋಡಿದ್ದಳು. ರಾಮದಾಸ ಇವಳ ಮೊಣಕೈ ತಿವಿದು ನಕ್ಕಿದ್ದ. ಹೊಸ ಹೆಂಡತಿ, ಇವಳೂ ನಕ್ಕಿದ್ದಳು.

ಮಂಚದ ಮೇಲೆ ಕುಸಿದು ಕೂತಳು. "ಬೇಡ, ಹೋಗುವಾ. ಅವರಿಗೆ ಗೊತ್ತಾಗಿದೆ" ಎಂದಳು. ಫಾತಿಮಾಳಿಗೆ ಒಂದೂ ತಿಳಿಯಲಿಲ್ಲ. ವೇದವತಿ ಚೀಲದ ತಳ ತೋರಿಸಿ ಹೇಳಿದಳು, ಹೇಳುತ್ತ ತನ್ನ ಹೆಬ್ಬೆರಳು ಗುರುತನ್ನು ಉಜ್ಜುತ್ತಿರುವುದು ಕಂಡು ಕೈ ಹಿಂದೆಗೆದಳು. ಅವಳಿಗೆ ನಾಚಿಕೆಗಿಂತ ಸಿಟ್ಟು ಬಂದಿತ್ತು. ಕೇಳಬಹುದಿತ್ತಲ್ಲ. ಬೆಳಗ್ಗೆ ಚಹಾ ಹಿಡಿದು ಕೂತವನಿಗೆ ಎಲ್ಲ ಗೊತ್ತಿತ್ತು, ನಾನು ಝೋನಲ್ ಆಫೀಸೆಂದು ಬೊಗಳುವುದನ್ನು ಕೇಳುತ್ತ ಕೂತಿದ್ದ. ಇಷ್ಟು ದೂರ ಬಂದು, ಗಾಳಿಗೆ ಬೆನ್ನು ಕೊಟ್ಟು ನಿಂತರೂ ಅವನ ಕಣ್ಣು ಚೀಲದ ತಳದಲ್ಲಿ ಕೂತು ಬಂದಿದೆ. ಫಾತಿಮಾ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. "ನಿಮಗೆ ಬೇಡ ಅಂದ್ರೆ ಬೇಡ ಆಂಟಿ. ನಾನು ಬಲವಂತ ಮಾಡಲ್ಲ" ಎಂದಳು. ಅವಳ ಕಣ್ಣಿನಲ್ಲಿ ನಿಜವಾದ ನಿರಾಸೆ ಇತ್ತು. ಆ ನಿರಾಸೆಯನ್ನೂ ವೇದವತಿ ಒಂದು ಕ್ಷಣ ಅನುಮಾನದಿಂದ ನೋಡಿದಳು.

ಆಗ ಗೋಡೆಯ ಆಚೆಯಿಂದ, ತೀರ ಹತ್ತಿರದಿಂದ, "ಕೂ...ಯ್" ಎಂದು ಒಂದು ಉದ್ದನೆಯ ಕೂಗು ಬಂತು.

ಫಾತಿಮಾ ಹೌಹಾರಿ ಎದ್ದು, ಥರ್ಮೋಕೋಲ್ ಹಲಗೆಯನ್ನು ವೇದವತಿಗೆ ಅಡ್ಡ ಹಿಡಿದು, "ಯಾರೋ ಅದು? ಪೊಲೀಸ್ ಕರೀತೀನಿ!" ಎಂದು ಕಿರುಚಿದಳು. ವೇದವತಿ ಅವಳ ಕೈ ಹಿಡಿದು ಕೂರಿಸಿದಳು. ಮೈಯೆಲ್ಲ ಕಿವಿಯಾಗಿ ಕೂತಳು. ಕೂಗು ಇನ್ನೊಮ್ಮೆ ಬಂತು. ಅವಳು ಮಸ್ಲಿನ್ ಸೀರೆ ಎಳೆದು ಹೆಗಲಿಗೆ ಹೊದ್ದುಕೊಂಡು, ಅಜ್ಜಿ ಕೂಗುತ್ತಿದ್ದ ರೀತಿಯಲ್ಲೇ ಗಂಟಲೆತ್ತಿ, ಹತ್ತಬಹುದು ಎಂದು ಮಲಯಾಳದಲ್ಲಿ ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ತೆಂಗಿನಲ್ಲಿ ಒಬ್ಬ ಗಂಡಸು, ಸೊಂಟಕ್ಕೆ ಕತ್ತಿ, ಬೆನ್ನಿಗೆ ಮಡಕೆ, ಸರಸರನೆ ಮೇಲೇರಿದ. ಕಳ್ಳು ಇಳಿಸುವವನು. ಹಿತ್ತಲು ಪೂರ್ತಿ ಕಾಣುವ ಎತ್ತರಕ್ಕೆ ಹೋದರೂ ಮುಖವನ್ನು ನೀರಿನ ಕಡೆಗೇ ತಿರುಗಿಸಿಕೊಂಡು ಹೊಂಬಾಳೆ ತಟ್ಟಿದ, ಮಡಕೆ ಬದಲಾಯಿಸಿದ, ಇಳಿದ.

"ಎಲ್ಲಾ ಗೋಡೆ ನೋಡಿದೆ, ನೀರು ನೋಡಿದೆ" ಎಂದಳು ವೇದವತಿ, "ಮೇಲೆ ನೋಡ್ಲಿಕ್ಕೆ ಮರೆತೇಹೋಯ್ತು ಮಾರಾಯ್ತಿ. ಕಾಸರಗೋಡಿನವಳು ಅಂತ ಹೇಳಿಕೊಳ್ಳುವುದು ಬೇರೆ." ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

"ಅವನು ಕೂಗಿದ್ದು ಯಾಕೆ?"

"ಮರ ಹತ್ತುವ ಮೊದಲು ಕೂ ಹಾಕಬೇಕು. ಹೆಂಗಸರು ಹಿತ್ತಲಲ್ಲಿ ಮೀಯುತ್ತಾ ಇರ್ತಾರಲ್ಲ. ಮೇಲೆ ಹೋದರೆ ಅವನಿಗೆ ಎಲ್ಲ ಕಾಣ್ತದೆ. ಅದಕ್ಕೆ ಮೊದಲೇ ಹೇಳುವುದು, ನಾನು ನೋಡುವ ಜಾಗಕ್ಕೆ ಬರ್ತಾ ಇದ್ದೇನೆ ಅಂತ. ಇವರು ಓಗೊಟ್ಟ ಮೇಲೆಯೇ ಹತ್ತುವುದು."

ಹೇಳಿ ಮುಗಿಸಿದ ಮೇಲೆ ಅವಳು ತೆಂಗಿನ ತುದಿಯನ್ನೊಮ್ಮೆ ನೋಡಿದಳು. ಆಮೇಲೆ ಹೊದ್ದುಕೊಂಡದ್ದನ್ನು ತೆಗೆದು ಮಂಚದ ಕಾಲಿಗೆ ಹಾಕಿ, "ಹಿಡಿ ನಿನ್ನ ಕ್ಯಾಮೆರಾ" ಎಂದಳು. ಸೊಂಟದ ಕಪ್ಪು ಪಟ್ಟಿಯ ಬಗ್ಗೆ ಫಾತಿಮಾಳಿಗೆ ಮೊದಲೇ ಹೇಳಿಬಿಟ್ಟಳು. ಅದಿರ್ಲಿ ಬಿಡಿ ಆಂಟಿ, ನಿಮ್ಮದೇ ಅಲ್ವಾ ಎಂದು ಹುಡುಗಿ ಆಗಲೇ ಮೊಣಕಾಲೂರಿದ್ದಳು. ಎಲೆಗಳ ನಡುವಿನ ಬಿಸಿಲು ತೋಳಿನ ಮೇಲೆ, ತೊಡೆಯ ಮೇಲೆ ಬಂದು ಹೋಗುತ್ತಿತ್ತು. ಪ್ರತಿ ಸಲ ಒತ್ತುವ ಮೊದಲು ಫಾತಿಮಾ, ತಮಾಷೆಗೋ ನಿಜಕ್ಕೋ, ಮೆಲ್ಲನೆ "ಕೂ" ಎನ್ನುತ್ತಿದ್ದಳು. ವೇದವತಿ ಹೂಂ ಎಂದ ಮೇಲೆಯೇ ಕ್ಲಿಕ್ ಎನ್ನುತ್ತಿತ್ತು. ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ಮನೆ ಮುಟ್ಟಿದಾಗ ರಾಮದಾಸ ವರಾಂಡದಲ್ಲಿ ಕೂತಿದ್ದ. ಮುಂದೆ ಚಹಾ ಇತ್ತು, ಬೆಳಗಿನದೇ ಇರಬಹುದೇನೋ ಅನ್ನಿಸುವಷ್ಟು ತಣ್ಣಗಾಗಿತ್ತು. ವೇದವತಿ ಚೀಲವನ್ನು ತಳ ಮೇಲೆ ಮಾಡಿ ಮೇಜಿನ ಮೇಲಿಟ್ಟಳು. ದಾರಿಯಲ್ಲಿ ಗುರುತು ಅರ್ಧ ಮಾಸಿತ್ತು.

"ಇದು ನೀವೇ ಅಲ್ವಾ?"

ಅವನು ಇಲ್ಲವೆನ್ನಲಿಲ್ಲ. "ಮೊನ್ನೆ ಕೊಡೆ ಹುಡುಕುವಾಗ ಕಪಾಟಿನಲ್ಲಿ ಚೀಲ ಕಂಡಿತು. ತೆರೆದೆ. ಬಟ್ಟೆ ಕಂಡಿತು" ಎಂದ. "ಯಾರಿಗೆ ಅಂತ ಬಟ್ಟೆ ಹೇಳುವುದಿಲ್ಲವಲ್ಲ."

"ಕೇಳಬಹುದಿತ್ತು."

"ಕೇಳಿದ್ದರೆ ನೀನು ಹೇಳ್ತಿದ್ದಿಯಾ?"

ಅವನು ಇಡೀ ದಿನ ಈ ಕುರ್ಚಿಯಲ್ಲೇ ಕೂತಿದ್ದಿರಬೇಕು, ಶೇವ್ ಮಾಡಿರಲಿಲ್ಲ. "ನನಗೆ ಗೊತ್ತುಂಟು ಅಂತ ನಿನಗೆ ಗೊತ್ತಾಗಲಿ ಅಂತ ಗುರುತು ಹಾಕಿದೆ" ಎಂದ, ನೆಲ ನೋಡುತ್ತ. "ಬೇರೆ ಹೇಗೆ ಹೇಳುವುದು ಅಂತ ನನಗೆ ಗೊತ್ತಾಗಲಿಲ್ಲ." ಮೆಟ್ಟಿಲಿಳಿಯುವಾಗ ನೆಲ ನೋಡುವವರ ಬಗ್ಗೆ ಹೇಳಿದ್ದವನು ಇವನೇ. ಅವಳಿಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ಫೋಟೋ ತೆಗೆಸಿಕೊಂಡೆ. ಆ ಕ್ಯಾಮೆರಾದ ಹುಡುಗಿ, ಫಾತಿಮಾ, ತೆಗೆದಳು. ಹಿತ್ತಲಲ್ಲಿ, ಮರದ ಕೆಳಗೆ. ಆ ಬಟ್ಟೆಯಲ್ಲಿಯೂ ತೆಗೆಸಿದೆ, ಅದಿಲ್ಲದೆಯೂ ತೆಗೆಸಿದೆ."

"ಯಾರಿಗೆ?"

"ಯಾರಿಗೂ ಅಲ್ಲ."

ಅವನು ತಲೆಯೆತ್ತಿ ನೋಡಿದ. ಆ ಕಣ್ಣು ಅವಳಿಗೆ ಗೊತ್ತು. ಯಾರಿಗೂ ಅಲ್ಲದ ಸಾಮಾನನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ ಎಂದು ಸರ್ವೀಸಿನುದ್ದಕ್ಕೂ ನಂಬಿದ ಕಣ್ಣು. ಅವಳು ಪರ್ಸಿನಿಂದ ಉಗುರಿನಷ್ಟಿದ್ದ ಕಾರ್ಡು ತೆಗೆದು ಚೀಲದ ಮೇಲೆ, ಮಾಸಿದ ಗುರುತಿನ ಮಧ್ಯಕ್ಕೆ ಇಟ್ಟಳು. "ಇದರಲ್ಲಿ ಎಲ್ಲ ಉಂಟು. ನೋಡುವುದಾದರೆ ನೋಡಿ. ಆದರೆ ಊರಲ್ಲಿ ಕಳ್ಳು ಇಳಿಸುವವರಿಗೆ ಇರುವಷ್ಟು ಮರ್ಯಾದೆ ನಿಮಗೂ ಇರಲಿ. ಮೊದಲು ಕೂ ಹಾಕಿ, ನಾನು ಓಗೊಟ್ಟರೆ ನೋಡಿ" ಎಂದು ಒಳಗೆ ಹೋದಳು.

ಮಲಗುವ ಕೋಣೆಯ ಬಾಗಿಲು ದೂಡಿಕೊಂಡಳು, ಚಿಲಕ ಹಾಕಲಿಲ್ಲ. ಚೂಡಿದಾರ ಕಳಚಿ ಅಭ್ಯಾಸಕ್ಕೆ ಲಂಗ ತೆಗೆದುಕೊಂಡವಳು ಲಾಡಿ ಬಿಗಿಯುವ ಮೊದಲು ಕೈ ತಡೆದು ನಿಂತಳು. ಹೊರಗೆ ಕುರ್ಚಿ ಸರಿದ ಸದ್ದು. ಕಂಪ್ಯೂಟರು ಮಗಳ ಕೋಣೆಯಲ್ಲಿದೆ, ವರಾಂಡದಿಂದ ಎಡಕ್ಕೆ. ಹೆಜ್ಜೆಗಳು ಎಡಕ್ಕೆ ಹೋದವು. ಹೋಗಲಿ, ಇಷ್ಟೇ ಅಲ್ಲವೇ ಈ ಮನುಷ್ಯ ಎಂದುಕೊಂಡಳು. ಹೆಜ್ಜೆಗಳು ನಿಂತವು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಬಂದರಿನ ಕಡೆಯಿಂದ ಹಡಗೊಂದು ಸೈರನ್ ಊದಿ ಸುಮ್ಮನಾಯಿತು. ಆಮೇಲೆ ಹೆಜ್ಜೆಗಳು ತಿರುಗಿ ಈ ಕಡೆ ಬಂದು ಬಾಗಿಲಿನ ಆಚೆ ನಿಂತವು. ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಕೂ" ಎಂದ ರಾಮದಾಸ. ಯಾವತ್ತೂ ಮರದ ಬುಡದಲ್ಲಿ ನಿಂತು ಕೂಗಿ ಗೊತ್ತಿಲ್ಲದವನ ಕೂಗು, ಅರ್ಧಕ್ಕೇ ಒಡೆಯಿತು.

ವೇದವತಿ ಲಂಗ ಹಿಡಿದುಕೊಂಡು ನಿಂತೇ ಇದ್ದಳು. ಆ ಧ್ವನಿಯನ್ನು ಮತ್ತೆ ಮತ್ತೆ ಕಿವಿಯೊಳಗೆ ಮಗುಚಿ ನೋಡಿದಳು. ಉಪಾಯವೇ, ಸೋಲೇ, ಸುಮ್ಮನೆ ಭಯವೇ, ಒಳಗೆ ಏನನ್ನು ಅಡಗಿಸಿಕೊಂಡು ಬಂದಿದ್ದಾನೆ ಎಂದು ಒಂದೊಂದಾಗಿ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದಿದ್ದರೂ ಹುಡುಕುವುದು ನಿಲ್ಲಲಿಲ್ಲ. ಇಷ್ಟು ವರ್ಷ ಒಂದೇ ತಾಟಿನ ಎದುರು ಕೂತು ತಾನೂ ಇದೇ ಕಸುಬು ಕಲಿತುಬಿಟ್ಟಿದ್ದೇನೆ ಎಂದು ಆಗ ತಿಳಿಯಿತು.

ಬಾಗಿಲಿನಾಚೆ ಅವನು ಕಾಯುತ್ತಿದ್ದ. ಓಗೊಡುವುದಕ್ಕೆ ಅವಳು ಬಾಯಿ ತೆರೆದಳು, ಧ್ವನಿ ಹೊರಡಲಿಲ್ಲ.